ರಿಜೆಕ್ಟ್ ಆದ ಎಂಟು ಜೇಕು

ಹೆಂಡತಿಗೆ ಸಹಾಯ ಮಾಡಬೇಕೆಂಬ ಆಸೆ ಗಂಡನಾದವನಿಗೆ ಆಗಾಗ ಬರುವುದುಂಟು. ಬಂದಾಗ ಹತ್ತು ನಿಮಿಷ ಸುಮ್ಮನೆ ಕುಳಿತರೆ ಅದು ತಾನಾಗಿಯೇ ಹೋಗುತ್ತದೆ ಎಂದು ನನ್ನ ಸೋದರಮಾವ ಹೇಳುತ್ತಿದ್ದರು. ಅವರು ಐವತ್ತು ವರ್ಷ ಸಂಸಾರ ಮಾಡಿ, ಒಂದು ದಿನವೂ ಒಂದು ಲೋಟವನ್ನು ಇದ್ದಲ್ಲಿಂದ ಎತ್ತಿಡದೆ, ಎಲ್ಲರಿಂದ ಒಳ್ಳೆಯವರೆನಿಸಿಕೊಂಡು ತೀರಿಕೊಂಡರು. ನಾನು ಅವರ ಮಾತನ್ನು ಹಳೆಯ ಕಾಲದವರ ಸೋಮಾರಿತನವೆಂದು ತಳ್ಳಿಹಾಕಿದ್ದೆ. ಹೊಸ ಕಾಲದ ಗಂಡ ನಾನು. ಒಂದು ಭಾನುವಾರ ಹೆಂಡತಿಗೆ ಸಹಾಯ ಮಾಡಿದೆ. ಅದರ ಫಲವಾಗಿ ಅವಳ ನಾಲ್ಕು ವರ್ಷದ ಕೆಲಸ ಒಂದು ಹಸುವಿನ ಬಾಯಿಗೆ ಹೋಯಿತು. ಆ ಸಂಗತಿಯನ್ನು ಇಷ್ಟು ದಿನ ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದೆ. ಯಂತ್ರದಿಂದ ಹೊರಬಂದ ಕಬ್ಬಿಣದ ಸರಳುಗಳನ್ನು ಅಳೆದು, ಅಳತೆ ಸರಿಯಿದ್ದರೆ ಈ ಕಡೆಯ ಟ್ರೇಗೆ, ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾಗಿದ್ದರೆ ಆ ಕಡೆಯ ಕೆಂಪು ಟ್ರೇಗೆ ಹಾಕುವುದು ನನ್ನ ಕೆಲಸ. ಕೆಂಪು ಟ್ರೇಗೆ ಹೋದದ್ದರ ಬಗ್ಗೆ ಆಮೇಲೆ ಯಾರೂ ಯೋಚಿಸುವುದಿಲ್ಲ. ಹುದ್ದೆಯ ಹೆಸರು ಇನ್ಸ್‌ಪೆಕ್ಟರ್. ಬಾಗಲಗುಂಟೆಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಹಾಗೆಂದೇ ಹೇಳಿಕೊಂಡೆ. ಮನೆಯೊಡತಿ ಹನುಮಕ್ಕ ಥಟ್ಟನೆ ತಲೆಯ ಮೇಲೆ ಸೆರಗು ಹೊದ್ದು, "ನಮ್ ಹುಡುಗ ಏನೂ ಮಾಡಿಲ್ಲ ಸಾಮಿ, ಆ ಜಗಳದಾಗೆ ಅವ್ನು ಸುಮ್ಕೆ ನಿಂತಿದ್ದ" ಎಂದುಬಿಟ್ಟರು. ಯಾವ ಜಗಳವೋ ನನಗೆ ಇವತ್ತಿಗೂ ತಿಳಿಯದು. ನಾನು ಪೊಲೀಸಲ್ಲ, ಕಬ್ಬಿಣ ಅಳೆಯುವವನು ಎಂದು ತಿಳಿಸುವಷ್ಟರಲ್ಲಿ ಸಾಕುಸಾಕಾಯಿತು. ಆದರೂ ಆ ಬೀದಿಯಲ್ಲಿ ನಾನು ಕೊನೆಯವರೆಗೂ 'ಇನ್ಸ್‌ಪೆಕ್ಟರ್ ಸಾರ್' ಆಗಿಯೇ ಉಳಿದೆ.

ನನ್ನ ಹೆಂಡತಿ ಸುಮಿತ್ರ ಮಲ್ಲೇಶ್ವರದ ಕಡೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕಿ. ಅದರ ಜೊತೆಗೆ ಪಿಎಚ್‌ಡಿಗೆ ಓದುತ್ತಿದ್ದಳು. ಅವಳ ವಿಷಯ ಜೇಕು. ಕೆರೆಯಂಚಿನಲ್ಲಿ, ಗದ್ದೆಯಲ್ಲಿ, ಚರಂಡಿಯ ಬದಿಯಲ್ಲಿ ಬೆಳೆಯುವ, ನೋಡಿದರೆ ಹುಲ್ಲಿನಂತೆಯೇ ಇರುವ, ಆದರೆ ಹುಲ್ಲಲ್ಲದ ಗಿಡ. ಮದುವೆಯಾದ ಹೊಸತರಲ್ಲಿ ಎಲ್ಲರೂ ಹೆಂಡತಿಯನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗುತ್ತಾರೆ. ನನ್ನನ್ನು ನನ್ನ ಹೆಂಡತಿ ಕೆರೆಯ ಕೋಡಿಗೆ ಕರೆದುಕೊಂಡು ಹೋದಳು. ಒಂದು ಕಡ್ಡಿ ಕಿತ್ತು ನನ್ನ ಕೈಗೆ ಕೊಟ್ಟು, "ಎರಡು ಬೆರಳ ಮಧ್ಯೆ ಹೊರಳಿಸಿ ನೋಡಿ" ಎಂದಳು. ಹೊರಳಿಸಿದೆ. ಉರುಳಲಿಲ್ಲ, ಮೂರು ಕಡೆ ತಡೆಯಿತು. "ಮೂರು ಮೂಲೆ ಇದೆ ನೋಡಿ. ಹುಲ್ಲಾಗಿದ್ರೆ ಹೀಗಿರಲ್ಲ. ಇದು ಜೇಕಿನ ಕುಲ" ಎಂದು ಅವಳು ಕಣ್ಣರಳಿಸಿದಾಗ ಕುಲಕ್ಕಿಂತ ಆ ಕಣ್ಣುಗಳ ಮೇಲೆಯೇ ನನ್ನ ಗಮನವಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಕುಲ ತಿಳಿದರೆ ಸಾಲದು, ಅದರೊಳಗೆ ಯಾವ ಪ್ರಭೇದ ಎಂದು ತಿಳಿಯಬೇಕು. ಅಲ್ಲಿಂದ ಶುರುವಾಗುತ್ತಿತ್ತು ನಮ್ಮ ಮನೆಯ ಫಜೀತಿ. ಕಿತ್ತು ತಂದ ಗಿಡಗಳನ್ನು ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಣಗಿಸಬೇಕು. ಭಾರಕ್ಕೆ ಮೊದಲು ರುಬ್ಬುಗುಂಡು ಬಂತು, ಆಮೇಲೆ ಟ್ರಂಕು, ಕೊನೆಗೆ ನಾನು. ನಮ್ಮ ಹಾಸಿಗೆಯ ಕೆಳಗೆ ಸದಾ ನಾಲ್ಕೈದು ಕಟ್ಟು ಜೇಕು ಇರುತ್ತಿತ್ತು. ಬೆಳಗಿನ ಪತ್ರಿಕೆ ನನ್ನ ಕೈಗೆ ಬರುವ ಮೊದಲೇ ಗಿಡದ ಕೈಗೆ ಹೋಗುತ್ತಿತ್ತು. ಹದಿನೈದು ದಿನದ ನಂತರ ಗಿಡ ಒಣಗಿದ ಮೇಲೆ, ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ನಾನು ಸುದ್ದಿ ಓದುತ್ತಿದ್ದೆ. ಸರ್ಕಾರ ಬಿತ್ತೆಂದು ನನಗೆ ಗೊತ್ತಾಗುವಷ್ಟರಲ್ಲಿ ಅದರ ಜಾಗಕ್ಕೆ ಬಂದದ್ದೂ ಅಲುಗಾಡುತ್ತಿರುತ್ತಿತ್ತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ರಾಜಕೀಯ ಮಾತಾಡಲು ಹೋಗಿ ಒಂದೆರಡು ಸಲ ಮುಖಭಂಗವಾದ ಮೇಲೆ ಬಾಯಿ ಮುಚ್ಚಿಕೊಂಡೆ.

ಹನುಮಕ್ಕನಿಗೆ ಇದೆಲ್ಲ ಮೋಜು. ಪಕ್ಕದ ಮನೆಯೇ ಅವರದು. ಅರವತ್ತರ ಹತ್ತಿರದ, ಗಟ್ಟಿ ಮೈಯ ಹೆಂಗಸು. ಹಿಂದೆ ಕೆರೆಯ ಕೆಳಗೆ ಅವರಿಗೆ ಗದ್ದೆಯಿತ್ತು. ಕೈಗಾರಿಕೆಗೆಂದು ಅದು ಹೋದಮೇಲೆ ಈ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಕೆಂಪಿ ಎಂಬ ಒಂದು ಹಸು ಮಾತ್ರ ಹಳೆಯ ಬದುಕಿನಿಂದ ಉಳಿದುಕೊಂಡಿತ್ತು. ಸುಮಿತ್ರ ಜಗುಲಿಯ ಮೇಲೆ ಜೇಕು ಹರಡಿಕೊಂಡು ಮಸೂರದಲ್ಲಿ ಇಣುಕುತ್ತಿದ್ದರೆ ಅವರು ಬಂದು ನಿಲ್ಲುವರು.

"ಏನ್ ತಾಯಿ ಅದು, ಅಷ್ಟೊತ್ತಿಂದ ನೋಡ್ತಿದೀಯ?"

"ಇದರ ಕುಲ ಗೊತ್ತಾಗಿದೆ ಹನುಮಕ್ಕ. ಅದರಲ್ಲಿ ಯಾವುದು ಅಂತ ಹುಡುಕ್ತಿದೀನಿ."

"ಉಲ್ಲಿಗೂ ಕುಲ ಕೇಳ್ತೀಯಾ? ನಾವ್ ಮನುಸ್ರು ಕೇಳ್ಕಂಡು ಆಳಾಗಿರೋದು ಸಾಲ್ದಾ?"

ಸುಮಿತ್ರ ನಕ್ಕುಬಿಡುತ್ತಿದ್ದಳು. ಆದರೆ ಆ ವರ್ಷ ಅವಳಿಗೆ ನಗು ಬರುವುದು ಕಡಿಮೆಯಾಗಿತ್ತು. ಕೋಡಿಯ ಹತ್ತಿರ ಸಿಕ್ಕಿದ ಒಂದು ಬಗೆಯ ಜೇಕು ಅವಳ ನಿದ್ದೆ ಕೆಡಿಸಿತ್ತು. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ. ಆದರೆ ಕೆಲವು ಗಿಡಗಳ ಬೀಜ ಚಿಕ್ಕದು, ಸಿಪ್ಪೆಯ ಬಣ್ಣ ಸ್ವಲ್ಪ ಕೆಂಪು. ಇವು ಒಂದೇ ಪ್ರಭೇದವಲ್ಲ, ಎರಡು ಎಂದು ಅವಳ ಅನುಮಾನ. ಅವಳ ಮಾರ್ಗದರ್ಶಕರು ಒಪ್ಪಲಿಲ್ಲ. "ನೀರು ಕಡಿಮೆಯಾದ ಕಡೆ ಬೀಜ ಸಣ್ಣದಾಗುತ್ತೆ ಕಣಮ್ಮ. ಅಷ್ಟಕ್ಕೇ ಎರಡು ಅನ್ನೋಕಾಗುತ್ತಾ? ಪುರಾವೆ ತಗೊಂಡು ಬಾ" ಎಂದಿದ್ದರು. ಅವರು ಆ ಶೈಕ್ಷಣಿಕ ವರ್ಷದ ಕೊನೆಗೆ ನಿವೃತ್ತರಾಗುವವರು. ಅವರು ಹೋದರೆ ಹೊಸಬರೊಂದಿಗೆ ಎಲ್ಲ ಮೊದಲಿನಿಂದ. ಜೊತೆಗೆ ಅವಳ ಕಾಲೇಜಿನವರು ಪಿಎಚ್‌ಡಿಗೆಂದು ಪಾಠದ ಹೊರೆ ಇಳಿಸಿ ಕೊಟ್ಟಿದ್ದ ವಿನಾಯಿತಿಯೂ ಅಷ್ಟರೊಳಗೇ ಮುಗಿಯುತ್ತಿತ್ತು. ಗಣೇಶನ ಹಬ್ಬ ಕಳೆದ ಮೇಲೆ ಆರು ಸಲ ಕೋಡಿಗೆ ಹೋಗಿ, ಮೊಣಕಾಲುದ್ದ ಕೆಸರಿನಲ್ಲಿ ತಡಕಾಡಿ, ಬೀಜ ಬಲಿತ ಐವತ್ತೆರಡು ಗಿಡಗಳನ್ನು ತಂದು, ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿ, ಒದ್ದೆ ಗೋಣಿಯಲ್ಲಿ ಸುತ್ತಿ ಜಗುಲಿಯ ಮೇಲಿಟ್ಟಿದ್ದಳು. ಅಷ್ಟರಲ್ಲಿ ಭಾನುವಾರ ಪರೀಕ್ಷೆಯ ಮೇಲ್ವಿಚಾರಣೆಗೆ ಬರಬೇಕೆಂದು ಕಾಲೇಜಿನಿಂದ ಕರೆ ಬಂತು. "ಸಂಜೆ ಬಂದು ಬೀಜಗಳನ್ನ ಅಳೀಬೇಕು. ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ" ಎಂದು ಹೇಳಿ ಬಸ್ಸಿಗೆ ಓಡಿದಳು.

ಯಾರೂ ಮುಟ್ಟದ ಹಾಗೆ ಎಂದಾಗ ಅದರಲ್ಲಿ ನಾನೂ ಸೇರಿದ್ದೇನೆಂದು ನನಗೆ ಹೊಳೆಯಲಿಲ್ಲ. ಅಳೆಯುವುದು ಎಂಬ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ಈ ಮನೆಯಲ್ಲಿ ಅಳೆದು ಅನ್ನ ಸಂಪಾದಿಸುವವನು ಯಾರು? ಕೂದಲೆಳೆಯ ದಪ್ಪವನ್ನೂ ಅಳೆಯುವ, ನನ್ನದೇ ಒಂದು ಒಳ್ಳೆಯ ವರ್ನಿಯರ್ ಇತ್ತು. ಅದನ್ನು ಒರೆಸಿ, ಅವಳ ಮಸೂರ ತೆಗೆದುಕೊಂಡು, ಚಾಪೆ ಹಾಸಿ ಕುಳಿತೆ. ಒಂದೊಂದು ಗಿಡದಿಂದ ಹತ್ತು ಹತ್ತು ಬೀಜ. ಎಳ್ಳಿಗಿಂತ ಚಿಕ್ಕ ಬೀಜ ಅದು. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಉಸಿರು ಹಿಡಿದುಕೊಂಡೇ ಅಳೆದು, ಅಳೆದದ್ದನ್ನು ಊದಿ ಹಾಕಿದೆ. ಬೆಳಗಿನ ಕಾಫಿ ಹಾಗೇ ತಣ್ಣಗಾಯಿತು. ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಯ ಪದ್ಧತಿಯಂತೆಯೇ ಗೆರೆ ಎಳೆದು ಒಂದು ಸೊಗಸಾದ ವರದಿ ತಯಾರಿಸಿದೆ. ನಲವತ್ತನಾಲ್ಕು ಗಿಡಗಳು ಅಳತೆಯ ಮಿತಿಯೊಳಗೆ ಬಂದವು. ಎಂಟು ಬರಲಿಲ್ಲ, ಬೀಜ ತೀರ ಚಿಕ್ಕದು. ಒಳ್ಳೆಯ ಮಾಲಿನಲ್ಲಿ ಇಂಥವು ಸೇರಿಕೊಂಡರೆ ಹೆಸರು ಕೆಡುತ್ತದೆ ಎಂದು ಅವನ್ನು ಚೀಟಿ ಬಿಚ್ಚಿ ಬೇರೆ ಮಾಡಿದೆ.

ಅದೇ ಹೊತ್ತಿಗೆ ಹನುಮಕ್ಕ ಬಾಗಿಲ ಮುಂದೆ ಹಾದುಹೋದರು. "ಸಾರ್, ಅದು ಬ್ಯಾಡ್ವಾ?" ಎಂದು ಎಂಟು ಗಿಡಗಳ ಕಡೆ ಕೈ ತೋರಿಸಿದರು.

"ಬೇಡಮ್ಮ. ರಿಜೆಕ್ಟು. ಕೆಂಪಿಗೆ ಹಾಕಿಬಿಡಿ" ಎಂದೆ. ಧಾರಾಳವಾಗಿ ಎಂದೆ.

ಸಂಜೆ ಸುಮಿತ್ರ ಬಂದಳು. ಚಪ್ಪಲಿ ಕೂಡ ಬಿಡದೆ ಜಗುಲಿಗೆ ಬಂದಳು. ನಾನು ಎದ್ದು ನಿಂತು ವರದಿಯನ್ನು ಎರಡೂ ಕೈಯಲ್ಲಿ ಕೊಟ್ಟೆ. ಓದಿದಳು. ಮೊದಲು ಮುಖ ಅರಳಿತು, ಅದನ್ನು ನಾನು ಕಣ್ಣಾರೆ ಕಂಡೆ. ಅಂಕಿಗಳ ಮೇಲೆ ಬೆರಳಾಡಿಸುತ್ತ, "ರೀ, ನಡುವೆ ಒಂದೂ ಇಲ್ಲ ನೋಡಿ! ನಲವತ್ತನಾಲ್ಕು ಒಂದು ಕಡೆ, ಎಂಟು ಒಂದು ಕಡೆ! ನೀರು ಕಡಿಮೆಯಾಗಿ ಸಣ್ಣದಾಗಿದ್ರೆ ನಡುವಿನ ಅಳತೇದೂ ಇರ್ಬೇಕಿತ್ತು. ಇವು ಎರಡೇ ಕಣ್ರೀ!" ಎಂದಳು. ನಾನು ವಿನಯದಿಂದ ನೆಲ ನೋಡಿದೆ.

"ಎಲ್ಲಿ, ಆ ಎಂಟು?"

"ರಿಜೆಕ್ಟ್ ಮಾಡಿದೆ."

"ಗೊತ್ತಾಯ್ತು. ಎಲ್ಲಿಟ್ಟಿದೀರ?"

ನಾನು ಕೊಟ್ಟಿಗೆಯ ಕಡೆ ನೋಡಿದೆ. ಅವಳೂ ನೋಡಿದಳು. ಕೆಂಪಿ ಗೋದಲಿಯ ಮುಂದೆ ಅರೆಗಣ್ಣು ಮುಚ್ಚಿ ನಿಧಾನವಾಗಿ ಮೆಲುಕು ಹಾಕುತ್ತಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಎದುರು ಮಾತಾಡಿ, ಅವಳು ಅತ್ತು, ನಾನು ಸಮಾಧಾನ ಮಾಡಿ, ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಅವಳು ಜಗುಲಿಯ ಅಂಚಿನಲ್ಲಿ ಕುಳಿತು, ನಾನು ಬಿಚ್ಚಿ ಬಿಸಾಡಿದ್ದ ಎಂಟು ಚೀಟಿಗಳನ್ನು ಒಂದೊಂದಾಗಿ ಹೆಕ್ಕಿ ಮಡಿಲಿಗೆ ಹಾಕಿಕೊಂಡಳು. "ಅವೇ ಬೇಕಾಗಿತ್ತು ಕಣ್ರೀ" ಎಂದಳು. ಅಷ್ಟೇ. ಹದಿನೇಳು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗಳಿಂದ ಎಷ್ಟೋ ಬೈಗಳು ತಿಂದಿದ್ದೇನೆ. ಯಾವುದೂ ಆ ಮೂರು ಮಾತಿನಷ್ಟು ಕೆಳಗೆ ಇಳಿಯಲಿಲ್ಲ. ಕೋಡಿಯ ಹತ್ತಿರ ಬೇರೆ ಗಿಡಗಳಿಲ್ಲವೇ ಎಂದು ಕೇಳಿದೆ. ಇದ್ದಷ್ಟನ್ನೂ ತಂದಿದ್ದಳು. ಮುಂದಿನ ಮಳೆಗಾಲದವರೆಗೆ ಕಾಯಬೇಕು, ಕಾದರೆ ಮಾರ್ಗದರ್ಶಕರಿರುವುದಿಲ್ಲ.

ಸುದ್ದಿ ಗೋಡೆಯಾಚೆ ಹೋಗಿರಬೇಕು. ಹನುಮಕ್ಕ ಕೈ ಒರೆಸಿಕೊಳ್ಳುತ್ತ ಬಂದರು. ವಿಷಯ ತಿಳಿದು ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ನನ್ ಶಿವನೇ, ನಾನೇ ತಂದು ಆಕಿದ್ನಲ್ಲ! ಮೇಷ್ಟ್ರಮ್ಮನ ಉಲ್ಲು ಅಂತ ಗೊತ್ತಿದ್ರೂ ಆಕಿದ್ನಲ್ಲ!" ಎಂದು ಕೊಟ್ಟಿಗೆಗೆ ನುಗ್ಗಿದರು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದಲೇ ಕೂಗು ಕೇಳಿತು. "ತಾಯೀ, ಇಲ್ ಬಾ! ಇವ್ಳು ತಿಂದಿಲ್ಲ ಕಣೇ! ಬಾಯಿಗಾಕಿ ಉಗುಳವ್ಳೆ!"

ಓಡಿದೆವು. ಗೋದಲಿಯ ಮೂಲೆಯಲ್ಲಿ ಎಂಟೂ ಇದ್ದವು. ಆದರೆ ಜಗಿದು, ನುರಿದು, ಜೊಲ್ಲಿನಲ್ಲಿ ತೊಯ್ದು ಮುದ್ದೆಯಾಗಿದ್ದವು. ಬೀಜವೊಂದೂ ಉಳಿದಿರಲಿಲ್ಲ. ಸುಮಿತ್ರ ಆ ಮುದ್ದೆಯನ್ನು ನೋಡುತ್ತ ನಿಂತಿದ್ದಳು. ಹನುಮಕ್ಕ ಮಾತ್ರ ಅದನ್ನು ಕೈಗೆತ್ತಿಕೊಂಡು, ಮೂಸಿ, ಬೆರಳಲ್ಲಿ ಹಿಸುಕಿ, "ಓ, ಇದಾ! ಇದು ಸೊಂಟಮುರುಕ. ಇದನ್ನ ದನ ಮೂಸಾಕಿಲ್ಲ. ಆಗ್ಲೇ ನೋಡಿದ್ರೆ ಏಳ್ತಿದ್ದೆ" ಎಂದರು.

"ಏನಂದ್ರಿ?" ಎಂದಳು ಸುಮಿತ್ರ.

"ಸೊಂಟಮುರುಕ ಜೇಕು. ನಮ್ ಗದ್ದೆ ತುಂಬಾ ಇತ್ತಲ್ಲ. ಇನ್ನೊಂದು ಐತೆ, ನೋಡಾಕೆ ಇಂಗೇ ಇರ್ತದೆ. ಅದನ್ನ ಇಡಿದು ಎಳುದ್ರೆ ಬೇರು ಸಮೇತ ಬತ್ತದೆ, ಪಾಪದ್ದು. ಇದು ಅಂಗಲ್ಲ. ಎಳುದ್ರೆ ಸೊಂಟ ಮುರ್ಕಂಡು ಕೈಗೆ ಬತ್ತದೆ, ಗೆಡ್ಡೆ ಕೆಳಗೇ ಮಡಗಿರ್ತದೆ. ಎಂಟ್ ದಿನ ಬಿಟ್ಟು ನೋಡಿದ್ರೆ ಮತ್ತೆ ಎದ್ದು ನಿಂತಿರ್ತದೆ, ಮುಂಡೇದು."

ಸುಮಿತ್ರ ಅವರ ತೋಳು ಹಿಡಿದುಕೊಂಡಳು. ಆಮೇಲೆ ನನಗೆ ಬಿಡಿಸಿ ಹೇಳಿದಳು: ಕೆಸರು ನೀರಿನೊಳಗೆ ಕೈಹಾಕಿ ಎಳೆದಾಗ ಕೆಲವು ಗಿಡಗಳ ಬುಡ ಕಿತ್ತುಹೋಗುತ್ತಿತ್ತು, ತನ್ನ ಅವಸರದಿಂದ ಮುರಿಯಿತೆಂದು ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನೆಲದೊಳಗೆ ಗೆಡ್ಡೆ ಇದೆಯೆಂದರೆ ಅದು ಒಂದು ಮಳೆಗಾಲದ ಗಿಡವಲ್ಲ, ವರ್ಷಾನುಗಟ್ಟಲೆ ಬದುಕುವ ಗಿಡ. ಬೀಜದ ಅಳತೆ ಎಂದರೆ ಯಾರಾದರೂ ತಕರಾರು ತೆಗೆಯಬಹುದು. ಗೆಡ್ಡೆ ಎದುರಿಗಿದ್ದರೆ ತೆಗೆಯಲಾರರು.

ಮರುದಿನ ನಾನು ಕಾರ್ಖಾನೆಗೆ ರಜೆ ಹಾಕಿದೆ. ಹನುಮಕ್ಕ ಗುದ್ದಲಿ ಹೊತ್ತು ಮುಂದೆ, ಸುಮಿತ್ರ ಚೀಲ ಹಿಡಿದು ಹಿಂದೆ, ನಾನು ಎರಡು ಬಕೆಟ್ಟು ಹಿಡಿದು ಎಲ್ಲರಿಗಿಂತ ಹಿಂದೆ. ನಾಗಸಂದ್ರದ ದಾರಿಯಲ್ಲಿ ಹೊಸ ಶೆಡ್ಡುಗಳ ಸಾಲು ದಾಟಿ, ಒಂದು ತಂತಿಬೇಲಿಯ ಕೆಳಗೆ ನುಸುಳಿ ಒಳಗೆ ಹೋದೆವು. ಅದು ಹನುಮಕ್ಕನ ಹಳೆಯ ಗದ್ದೆ. ವಶಪಡಿಸಿಕೊಂಡು ನಾಲ್ಕು ವರ್ಷವಾಗಿದ್ದರೂ ಯಾರೂ ಏನನ್ನೂ ಕಟ್ಟಿರಲಿಲ್ಲ. ಬದುಗಳು ಇನ್ನೂ ಗುರುತಿಗೆ ಸಿಗುತ್ತಿದ್ದವು. ಕೆರೆಯ ಬಸಿನೀರು ನಿಂತು ನೆಲ ಜವುಗಾಗಿತ್ತು. ಒಂದು ಭತ್ತದ ಪೈರಿಲ್ಲ. ಈ ಬದುವಿನಿಂದ ಆ ಬದುವಿನವರೆಗೆ ಬರೀ ಜೇಕು, ಬೀಜ ಬಲಿತು ತಲೆದೂಗುತ್ತಿತ್ತು.

ಹನುಮಕ್ಕ ಬದುವಿನ ಮೇಲೆ ನಿಂತರು. ಇಷ್ಟು ವರ್ಷ ಆ ಕಡೆಗೆ ಅವರು ಹೋಗಿರಲಿಲ್ಲವಂತೆ. "ಮದ್ವೆಯಾಗಿ ಬಂದಾಗಿಂದ ಇದನ್ನ ಬೈಕಂಡ್ ಬೈಕಂಡ್ ಕಿತ್ತಿವ್ನಿ. ನಮ್ಮತ್ತೇನೂ ಕಿತ್ತವ್ಳೆ. ಇದು ಸಾಯ್ಲಿ ಅಂತ ದೇವ್ರಿಗೆ ಅರಕೆ ಕಟ್ಟಿದ್ದೆ ಕಣವ್ವ. ಈಗ ನೋಡು, ಗದ್ದೆ ಓಯ್ತು, ಭತ್ತ ಓಯ್ತು. ಇದೊಂದು ನಂಗಾಗಿ ಕಾದು ನಿಂತೈತೆ" ಎಂದರು. ಸುಮಿತ್ರ ಏನೋ ಹೇಳಲು ಹೋದಳು. ಅಷ್ಟರಲ್ಲಿ ಅವರು ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಾಗಿತ್ತು.

ಇಳಿದ ಮೇಲೆ ಅವರು ಬೇರೆಯೇ ಮನುಷ್ಯರಾದರು. ಗಿಡಗಳನ್ನು ನೋಡುತ್ತಲೇ ಇರಲಿಲ್ಲ. ಕೈ ಬುಡಕ್ಕೆ ಹೋಗುವುದು, "ಇದು ಪಾಪದ್ದು", "ಇದು ಸೊಂಟಮುರುಕ", "ಇದೂ ಅದೇ" ಎನ್ನುವುದು. ನನ್ನೊಳಗಿನ ಇನ್ಸ್‌ಪೆಕ್ಟರನಿಗೆ ಅನುಮಾನ. ಒಂದು ಹಿಡಿ ಗಿಡಗಳನ್ನು ಬೆರೆಸಿ, ಅವರ ಕಣ್ಣಿಗೆ ಟವೆಲ್ಲು ಕಟ್ಟಿ ಕೊಡಲೇ ಎಂದು ಕೇಳಿದೆ. ಸುಮಿತ್ರ ನನ್ನನ್ನು ದುರುಗುಟ್ಟಿ ನೋಡಿದಳು. ಹನುಮಕ್ಕ ಮಾತ್ರ ನಕ್ಕು, "ಕಟ್ಟು ಸಾರ್, ಅದಕ್ಕೇನಂತೆ" ಎಂದು ಮುಖ ಒಡ್ಡಿದರು. ಮೂವತ್ತು ಕಡ್ಡಿ ಕೊಟ್ಟೆ. ತಾಳೆ ಹಾಕಲು ಪ್ರತಿಯೊಂದರ ಬೀಜವನ್ನೂ ಬದುವಿನ ಮೇಲೆ ಕುಳಿತು ವರ್ನಿಯರಿನಲ್ಲಿ ಅಳೆದೆ. ಅವರು ಎರಡು ನಿಮಿಷದಲ್ಲಿ ಮುಗಿಸಿದ್ದನ್ನು ಸರಿಯೆಂದು ತಿಳಿದುಕೊಳ್ಳಲು ನನಗೆ ಎರಡು ಗಂಟೆ ಬೇಕಾಯಿತು. ಮೂವತ್ತಕ್ಕೆ ಮೂವತ್ತೂ ಸರಿ. ಎದ್ದು ನಿಂತು ಅದನ್ನು ಘೋಷಿಸುವ ಉತ್ಸಾಹದಲ್ಲಿ ಕಾಲು ಜಾರಿ, ವರ್ನಿಯರನ್ನು ತಲೆಯ ಮೇಲೆತ್ತಿ ಹಿಡಿದುಕೊಂಡೇ ಕೆಸರಿಗೆ ಬಿದ್ದೆ. ಅದಕ್ಕೆ ಒಂದು ಹನಿ ಸೋಕಲಿಲ್ಲ. ಉಳಿದದ್ದರ ಮಾತು ಬೇಡ.

ಗುದ್ದಲಿಯಿಂದ ಆಳವಾಗಿ ಅಗೆದು, ಮಣ್ಣಿನ ಹೆಂಟೆಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಮೆಲ್ಲನೆ ತೊಳೆದಾಗ, ಕಡಲೆಕಾಳಿನಷ್ಟು ಗಾತ್ರದ ಕಪ್ಪು ಗೆಡ್ಡೆಗಳು ಒಂದರಿಂದೊಂದಕ್ಕೆ ದಾರ ಕಟ್ಟಿದಂತೆ ಹೊರಬಂದವು. ಸುಮಿತ್ರ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಕೆಸರಿನಲ್ಲೇ ಕುಳಿತುಬಿಟ್ಟಳು. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. "ಇಂಥ ದರಿದ್ರದ ಗೆಡ್ಡೆ ನೋಡಿ ಅಳೋಳ್ನ ನಾ ಇದೇ ಮೊದ್ಲು ನೋಡಿದ್ದು" ಎಂದರು ಹನುಮಕ್ಕ. ಹಾಗೆನ್ನುತ್ತಲೇ ಇನ್ನೂ ಹತ್ತು ಬುಡ ಅಗೆದು ಕೊಟ್ಟರು.

ಗೆಡ್ಡೆ ಸಮೇತ ಒಣಗಿಸಿದ ಹಾಳೆಗಳನ್ನು ನೋಡಿ ಮಾರ್ಗದರ್ಶಕರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರಂತೆ. ಆಮೇಲೆ, "ನಾನು ಹೇಳಿದ್ದು ತಪ್ಪು, ಬರಿ" ಎಂದರಂತೆ. ಆ ಒಂದು ಮಾತಿಗೆ ನಾನು ಅವರನ್ನು ಇವತ್ತಿಗೂ ಗೌರವಿಸುತ್ತೇನೆ. ಮಾದರಿಯನ್ನು ತಮಿಳುನಾಡಿನ ಕಡೆಯ ಒಬ್ಬ ಹಿರಿಯ ತಜ್ಞರಿಗೆ ಕಳಿಸಿದರು. ಎರಡು ತಿಂಗಳ ಮೇಲೆ ಪತ್ರ ಬಂತು. ಎರಡು ಪ್ರಭೇದವೆಂಬುದು ಖಂಡಿತ, ಆದರೆ ಹೊಸದಲ್ಲ. ಎಷ್ಟೋ ವರ್ಷಗಳ ಹಿಂದೆಯೇ ಯಾರೋ ಪರದೇಶದವರು ಹೆಸರಿಟ್ಟಿದ್ದಾರೆ. ಈ ಕಡೆಯ ಕೆರೆಗಳಲ್ಲಿ ಇದೆಯೆಂದು ಮಾತ್ರ ಯಾರೂ ಬರೆದಿರಲಿಲ್ಲ. ನನಗೆ ಸ್ವಲ್ಪ ನಿರಾಸೆಯಾಯಿತು. ಸುಮಿತ್ರಳಿಗೆ ಆಗಲಿಲ್ಲ. ಹನುಮಕ್ಕನ ಮುಂದೆ ಆ ಉದ್ದನೆಯ ಹೆಸರನ್ನು ಎರಡು ಸಲ ಓದಿ ಹೇಳಿದಳು.

"ಎಸ್ರಿಟ್ಟೋನು ಯಾವತ್ತಾದ್ರೂ ಕಳೆ ಕಿತ್ತಿದ್ನಾ?" ಎಂದು ಹನುಮಕ್ಕ ಕೇಳಿದರು.

"ಇಲ್ಲ ಅನ್ಸುತ್ತೆ."

"ಅದಕ್ಕೇ ಮತ್ತೆ" ಎಂದು ಅವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಪ್ರಬಂಧದಲ್ಲಿ ಆ ಉದ್ದನೆಯ ಹೆಸರಿನ ಕೆಳಗೆ, ಸ್ಥಳೀಯ ಹೆಸರು ಎಂಬ ಕಡೆ, ಸುಮಿತ್ರ 'ಸೊಂಟಮುರುಕ' ಎಂದು ಬರೆದಳು. ಹೇಳಿದವರು ಯಾರೆಂದೂ ಬರೆದಳು. ನಿವೃತ್ತಿಗೆ ಮೂರು ವಾರ ಮೊದಲು ಮಾರ್ಗದರ್ಶಕರು ಅದಕ್ಕೆ ಸಹಿ ಹಾಕಿದರು.

ಮರುವರ್ಷದ ಮಳೆಗಾಲದ ಶುರುವಿನಲ್ಲಿ ಆ ಗದ್ದೆಗೆ ಲಾರಿಗಟ್ಟಲೆ ಮಣ್ಣು ಬಂತು. ಕೆಲಸ ಮುಗಿಸಿ ಬರುತ್ತಿದ್ದವನು ನೋಡಿದೆ. ಅರ್ಧ ಆಗಲೇ ಮುಚ್ಚಿಹೋಗಿತ್ತು. ನನಗೆ ಏನನ್ನಿಸಿತೋ, ಸೈಕಲ್ಲು ನಿಲ್ಲಿಸಿ, ಬೇಲಿ ದಾಟಿ, ಮಣ್ಣು ಬೀಳದ ಒಂದು ಮೂಲೆಯ ಬದುವಿನಿಂದ ಎಳೆಯ ಸೊಂಟಮುರುಕವೊಂದನ್ನು ಮಣ್ಣಿನ ಸಮೇತ ಎಬ್ಬಿಸಿ ತಂದೆ. ಗ್ರೀಸಿನ ಖಾಲಿ ಡಬ್ಬವೊಂದನ್ನು ತೊಳೆದು ಅದರಲ್ಲಿ ನೆಟ್ಟೆ. ಇಷ್ಟೆಲ್ಲ ಆದ ಮೇಲೆ ಈ ಕುಲದ ಕೊನೆಯ ಕುಡಿಯನ್ನಾದರೂ ನನ್ನ ಕೈಯಾರೆ ಉಳಿಸಿದೆನಲ್ಲ ಎಂದು ಹೆಮ್ಮೆ. ಸುಮಿತ್ರಳಿಗೆ ತೋರಿಸಿದಾಗ ಅವಳು ಒಂದು ಕ್ಷಣ ಅದನ್ನೇ ನೋಡಿ, "ಚೆನ್ನಾಗಿದೆ" ಎಂದು ಒಳಗೆ ಹೋದಳು. ದಿನಾ ಬೆಳಿಗ್ಗೆ ಎದ್ದ ಕೂಡಲೆ ನೀರು ಹಾಕುತ್ತಿದ್ದೆ. ಕ್ಯಾಂಟೀನಿನಲ್ಲಿ ರಾಜಕೀಯದ ಬದಲು ಅದರ ಬಗ್ಗೆ ಮಾತಾಡುತ್ತಿದ್ದೆ. ಮನೆಗೆ ಬಂದ ಇಬ್ಬರು ಸಹೋದ್ಯೋಗಿಗಳಿಗೆ ಅದರ ಮುಂದೆ ನಿಂತು ಅರ್ಧ ಗಂಟೆ ಉಪನ್ಯಾಸವನ್ನೂ ಕೊಟ್ಟೆ. ಗಿಡ ಸೊಂಪಾಗಿ ಬೆಳೆಯಿತು.

ಆಗ ಹನುಮಕ್ಕ ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ನೆಲಮಂಗಲಕ್ಕೆ ಹೋಗಿದ್ದರು. ಮೂರು ತಿಂಗಳ ಮೇಲೆ ಬಂದವರು ಗಂಟು ಇಳಿಸಿ, ನೇರವಾಗಿ ನಮ್ಮ ಜಗುಲಿಗೆ ಬಂದು ಡಬ್ಬದ ಮುಂದೆ ನಿಂತರು. ಆ ಹೊತ್ತಿಗೆ ಗಿಡದ ತಲೆಯಲ್ಲಿ ತೆನೆ ಮೂಡಿತ್ತು. ನಾನು ಅವರ ಮೆಚ್ಚುಗೆಗೆ ಕಾಯುತ್ತ ಪಕ್ಕದಲ್ಲಿ ನಿಂತೆ.

"ಸಾರ್, ರಾಗಿ ಸಕ್ಕತ್ತಾಗಿ ಬಂದೈತೆ" ಎಂದರು ಹನುಮಕ್ಕ. "ಆದ್ರೆ ಒಂದು ಡಬ್ಬದಾಗೆ ಮುದ್ದೆ ಆಗಾಕಿಲ್ಲ. ಇನ್ನೊಂದು ನಾಕು ಮಡಗಿ."

ನಾನು ಸುಮಿತ್ರಳ ಕಡೆ ತಿರುಗಿದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ತಂದ ದಿನವೇ ಗೊತ್ತಿತ್ತು ರೀ. ಸೈಕಲ್ಲಲ್ಲಿ ಎದೆಗೆ ಅವಚಿಕೊಂಡು ತಂದಿದ್ರಿ. ಹೆಂಗೆ ಹೇಳ್ಲಿ?" ಎಂದಳು.

ಇಬ್ಬರೂ ನಗುತ್ತ ಒಳಗೆ ಕಾಫಿಗೆ ಹೋದರು. ನಾನು ಡಬ್ಬದ ಮುಂದೆ ಕುಳಿತು ತೆನೆಯ ಬೆರಳುಗಳನ್ನು ಎಣಿಸಿದೆ. ಆರಿದ್ದವು. ಸ್ವಲ್ಪ ಹೊತ್ತು ಬಿಟ್ಟು, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಎದ್ದುಹೋಗಿ ಒಂದು ಚೊಂಬು ನೀರು ತಂದು ಹಾಕಿದೆ.